ನಿಧಾನಕ್ಕೆ ತಿರುಗಿದ ಕ್ಯೂಬಾದ ರೆಕಾರ್ಡು

ಬೆಳಿಗ್ಗೆ ಹಾಸನದಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಪುಣ್ಯವಂತರಿಗೆ. ಕಂಬಿ ಹಿಡಿದು ನಿಂತೆ. ಮಂಜಿಗೆ ಡ್ರೈವರು ಹಗಲಲ್ಲೇ ಲೈಟು ಹಾಕಿದ್ದ. ನನ್ನ ಫೋನಿನಲ್ಲಿದ್ದ ಒಂದು ಹಾಡನ್ನು ಬಾಗೂರಿನಲ್ಲಿರುವ ಅವ್ವನಿಗೆ ಕೇಳಿಸಬೇಕಿತ್ತು. ಧೈರ್ಯ ಸಾಲದೆ, ಮೊದಲು ಅಪ್ಪನ ಜೊತೆಗಾರನನ್ನು ಕಾಣಲು ಹೊರಟಿದ್ದೆ.

ಅಪ್ಪ ಬ್ಯಾಂಡ್‌ಸೆಟ್‌ನಲ್ಲಿ ಟ್ರಾಂಬೋನ್ ಊದುತ್ತಿದ್ದ. ಹೆಣದ ಮುಂದೆ ಊದುವ ರಾಗವೊಂದಿತ್ತು. ಅದನ್ನು ಮನೆಯೊಳಗೆ ಊದುವಂತಿರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ಒಂದು ಸಂಜೆ ಅಪ್ಪ ಒಳಗೇ ಊದಿದನಂತೆ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ. ತಾನೇ ಸಾವನ್ನು ಕರೆದು ನಮ್ಮನ್ನು ನಡುನೀರಲ್ಲಿ ಕೈಬಿಟ್ಟ ಅಂತ ಅವ್ವನಿಗೆ ಸಿಟ್ಟು. ಇವತ್ತಿಗೂ ಅವನ ಫೋಟೊ ಗೋಡೆ ಹತ್ತಿಲ್ಲ. ಆ ರಾಗವನ್ನು ನಾನು ಊರೂರ ಸಾವುಗಳಲ್ಲಿ ಕೇಳುತ್ತ ಬೆಳೆದೆ.

ಹೋದ ವಾರ ಫೋನಿನಲ್ಲಿ ಕ್ಯೂಬಾ ದೇಶದ ಹಳೇ ರೆಕಾರ್ಡೊಂದು ಸಿಕ್ಕಿತು, ಈಗ ಮತ್ತೆ ಹೊರತಂದಿದ್ದಾರೆ. ಹಾಡುವವರಿಲ್ಲ, ಬರೀ ವಾದ್ಯ. ಮುಂದಾಳು ಒಬ್ಬ ಟ್ರಾಂಬೋನಿನವನು. ಕುಣಿತದ ಸಂಗೀತ ಅಂತ ಬರೆದಿತ್ತು. ನಾನು ಟೀಚರು, ಮಕ್ಕಳಿಗೆ ಇಂಗ್ಲಿಷ್ ಪಾಠ ಕೇಳಿಸಲು ಫೋನಿನ ವೇಗ ಇಳಿಸಿದ್ದು ಹಾಗೇ ಉಳಿದಿತ್ತು. ಹಾಡು ಶುರುವಾಯಿತು. ಅಯ್ಯೋ ದೇವರೇ, ಹೆಣದ ಮುಂದಿನ ರಾಗ! ಫೋನನ್ನು ಹಾಸಿಗೆ ಮೇಲೆಸೆದೆ.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು, ಅದೇ ವೇಗದಲ್ಲಿ ಸಣ್ಣಗೆ ಹಾಕಿ ನೋಡಿದೆ. ಬೆಂಚಿನ ಮೇಲಿದ್ದ ಮುದುಕ ಚಪ್ಪಲಿ ಕಳಚಿ ಎದ್ದು ನಿಂತ.

"ಯಾರೋದ್ರವ್ವಾ?"

"ಯಾರೂ ಇಲ್ಲ ತಾತ, ಬರೀ ಹಾಡು."

ಅವನು ನಂಬಲಿಲ್ಲ. ನಾನು ಹೊರಟರೂ ರಸ್ತೆ ಕಡೆ ಹೆಣ ಹುಡುಕುತ್ತಲೇ ನಿಂತಿದ್ದ.

ಅಪ್ಪನ ಜೊತೆ ಕ್ಲಾರಿನೆಟ್ ಊದುತ್ತಿದ್ದ ಪುಟ್ಟಸ್ವಾಮಿ ದೊಡ್ಡಪ್ಪನ ಮನೆ ಹೊಳೆ ಪಕ್ಕ. ಕೇಳಿದ್ದೇ ತಡ, "ಇದೇಯ ಕಣವ್ವಾ!" ಅಂದರು. "ಅರಕಲಗೂಡಲ್ಲಿ ರೇಡಿಯೋ ರಿಪೇರಿಯವ್ನ ತಾವ ಈ ಪ್ಲೇಟಿತ್ತು. ಅವನ ಮಿಷಿನ್ ಮೋಟ್ರು ಸುಸ್ತಾಗಿ ಅಳ್ತಾ ಅಳ್ತಾ ತಿರುಗ್ತಿತ್ತು. ಮಾತಿಲ್ಲ ಕತೆಯಿಲ್ಲ, ಬರೀ ಗೋಳು. ಹೆಣದ್ ಮುಂದಿಂದೇ ಇದು ಅಂತ ನಾನೂ ನಿಮ್ಮಪ್ಪನೂ ಕಲ್ತ್ಬುಟ್ಟೋ."

ವೇಗ ಸರಿಮಾಡಿ ಹಾಕಿದೆ. ರಾಗ ಚಂಗನೆ ಎದ್ದಿತು. ದೊಡ್ಡಪ್ಪ ಬಾಯಿ ಬಿಟ್ಟುಕೊಂಡು ಕೂತರು. "ಅಯ್ಯೋ ಶಿವನೇ, ಅಷ್ಟೊಂದ್ ಹೆಣಾನ ಕುಣಿಯೋ ಹಾಡಲ್ಲಿ ಕಳಿಸ್ಬುಟ್ವಲ್ಲಾ!"

ಇಬ್ಬರೂ ನಕ್ಕೆವು. ಆಮೇಲೆ ಕೇಳಿದೆ, "ಅಪ್ಪ ಯಾವಾಗಲಾದರೂ ಇದನ್ನ ಈ ವೇಗದಲ್ಲಿ ಕೇಳಿದ್ದನಾ?"

"ಎಲ್ಲಿ ಕೇಳಾನು? ಆ ಮಿಷಿನ್ ಬಿಟ್ರೆ ಬ್ಯಾರೆ ಕಡೆ ಇದು ಇರ್ಲೇ ಇಲ್ಲ."

ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿದೆ. ಮಂಜು ಮತ್ತೆ ಇಳಿಯುತ್ತಿತ್ತು. ಕಿಟಕಿಯ ಗಾಜು ಆ ತಾಳಕ್ಕೇ ಗದಗುಟ್ಟಿದ ಹಾಗೆ ಕೇಳಿಸಿ, ಎದ್ದು ಬೇರೆ ಸೀಟಿಗೆ ಹೋದೆ. ಅಲ್ಲೂ ಅದೇ.

ಬಾಗೂರಿನ ಅಣ್ಣನ ಮನೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. "ಅದು ಸಾವಿನ ರಾಗ ಅಲ್ಲವ್ವ, ಕುಣಿಯೋ ಹಾಡು. ಅಪ್ಪ ಸಾವನ್ನ ಕರೆಯಲಿಲ್ಲ" ಅಂದು, ಸರಿಯಾದ ವೇಗದಲ್ಲಿ ಹಾಕಿದೆ. ಅವಳ ಕೈ ನಿಂತಿತು.

"ಇಂಗೇ" ಅಂದಳು.

"ಏನವ್ವಾ?"

"ಆ ಸಂಜೆ ನಿಮ್ಮಪ್ಪ ಇಂಗೇ ಊದಿದ್ದು ಕಣೆ, ಬಿರಬಿರನೆ. ನಗ್ತಾ ನನ್ ಮುಂದ್ ಮುಂದೇ ಬತ್ತಿದ್ದ. ಸಾವಿಗೆ ಅವಸ್ರ ಬಂದದೆ ಅಂದ್ಕೊಂಡು ರೂಮಿಗೋಗಿ ಚಿಲ್ಕ ಹಾಕ್ಕೊಂಡೆ."

ಫೋನಿನ ವೇಗ ಮತ್ತೊಮ್ಮೆ ನೋಡಿದೆ, ಸರಿಯಾಗೇ ಇತ್ತು. ಆ ವೇಗವನ್ನು ಅಪ್ಪ ಕೇಳಿಯೇ ಇರಲಿಲ್ಲ. ಅವ್ವ ಇನ್ನೊಂದು ಸಲ ಹಾಕಿಸಿದಳು. ಮುಗಿಯುವ ತನಕ ಕಣ್ಣೊರೆಸಿಕೊಳ್ಳಲಿಲ್ಲ.

"ಕುಣಿಯಕ್ ಕರ್ದಿದ್ದ ಕಣೆ ಅವ್ನು."

ಹಾಡನ್ನು ಅಣ್ಣನ ಫೋನಿಗೆ ಕಳಿಸಿ ಸಂಜೆ ಬಸ್ಸಿಗೆ ಹೊರಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಒಳಗಿಂದ ಟ್ರಾಂಬೋನ್ ಕೇಳುತ್ತಿತ್ತು. ಅಷ್ಟು ಚಳಿಯಲ್ಲೂ ಅವ್ವ ಬಾಗಿಲು ಪೂರಾ ತೆಗೆದಿಟ್ಟು, ಹೊಸಿಲಲ್ಲಿ ನಿಂತು ಮಂಜಿನ ಕಡೆ ನೋಡುತ್ತಿದ್ದಳು.