ಆದಾಯ ಕೇಳಿದರೆ ಸಿದ್ದರಾಮು

ಮದ್ದೂರಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಸಿದ್ದರಾಮುವಿಗೆ ತನ್ನ ಸಂಪಾದನೆ ಕಡಿಮೆ ಎನ್ನಲು ನಾಲಿಗೆಯೇ ಹೊರಳುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ವ್ಯಾಪಾರ ಹೇಗಿದೆ ಎಂದರೆ ಸಾಕು, ‘ಯಾಕ್ ಕೇಳ್ತೀಯ ಬುಡ್ಲಾ, ದುಡ್ ಎಣ್ಸಾಕೇ ಪುರ್ಸೊತ್ತಿಲ್ಲ!’ ಎನ್ನುತ್ತಿದ್ದ. ಕೊತ್ತತ್ತಿಯ ನಾಮಕರಣಕ್ಕೆ ಕಳಿಸಿದ ಹತ್ತು ಕುರ್ಚಿ, ಬಸ್ಸು ಸೋಮನಹಳ್ಳಿ ದಾಟುವಷ್ಟರಲ್ಲಿ ಅವನ ಬಾಯಲ್ಲಿ ಸಾವಿರ ಕುರ್ಚಿಯಾಗುತ್ತಿದ್ದವು. ಊರ ತುಂಬ ಕಲ್ಯಾಣ ಮಂಟಪಗಳೆದ್ದು, ಶಾಮಿಯಾನ ಕೇಳುವವರಿಲ್ಲದೆ ಸಾಲ ಕುತ್ತಿಗೆಗೆ ಬಂದಾಗ ಅವನು ದಿವಾಳಿ ಅರ್ಜಿ ಹಾಕಿದ. ‘ಸಾಲ ತೀರಿಸುವಷ್ಟು ಆದಾಯ ನಿಮಗಿಲ್ಲ ಅಂತ ಖಾತ್ರಿಯಾದರೆ ಮಾತ್ರ ಕೋರ್ಟು ಒಪ್ಪುತ್ತೆ. ನಿಜ ಹೇಳಿ, ಸಾಕು,’ ಎಂದು ವಕೀಲೆ ನಯನ ವಾರಪೂರ್ತಿ ಪಾಠ ಹೇಳಿಕೊಟ್ಟರು. ಕಟಕಟೆ ಹತ್ತಿದವನನ್ನು ನ್ಯಾಯಾಧೀಶರು ತಿಂಗಳ ಆದಾಯವೆಷ್ಟೆಂದು ಕೇಳಿದರು. ಅವನು ಹಿಂದಿನ ಬೆಂಚಿನಲ್ಲಿದ್ದ ಹೆಂಡತಿ ಚಿಕ್ಕಲಕ್ಷ್ಮಮ್ಮನನ್ನು ನೋಡಿದ್ದೇ ಎದೆಯುಬ್ಬಿಸಿ, ‘ಅರವತ್ ಸಾವ್ರಕ್ಕೆ ಮೋಸ ಇಲ್ಲ ಸ್ವಾಮಿ!’ ಎಂದುಬಿಟ್ಟ. ನಯನ ಹಣೆ ಚಚ್ಚಿಕೊಂಡರು. ಚಿಕ್ಕಲಕ್ಷ್ಮಮ್ಮ ಎದ್ದು ನಿಂತಳು. ‘ಸುಳ್ಳು ಸ್ವಾಮಿ! ಎಂಟು ವರ್ಸದಿಂದ ನಾನೇ ರವಿಕೆ ಒಲ್ದು ಇವ್ರ ಜೋಬಿಗೆ ದುಡ್ ಮಡಗ್ತೀನಿ. ಸಂಜೆ ಅದನ್ನೇ ನನ್ ಕೈಗಿಟ್ಟು, ತಕೋ, ಇವತ್ತಿನ ಲಾಭ ಅಂತಾರೆ. ನಾನೂ ಕಣ್ಣಿಗೊತ್ಕೊಂಡು ಈಸ್ಕೊತೀನಿ!’ ಕೋರ್ಟು ಗೊಳ್ಳೆಂದಿತು. ಸಿದ್ದರಾಮುವೂ ನಕ್ಕ, ಕಣ್ಣೊರೆಸಿಕೊಂಡ. ‘ಆರು ಸಾವ್ರ ಸ್ವಾಮಿ. ಅದ್ರಲ್ಲಿ ನಾಕು ಅವಳ್ದೇ,’ ಎಂದ. ಅಷ್ಟು ಸಣ್ಣ ಮೊತ್ತ ಅವನ ಬಾಯಿಂದ ಬಂದದ್ದು ಅದೇ ಮೊದಲು. ಅರ್ಜಿ ಒಪ್ಪಿಗೆಯಾಯಿತು.