ಇಸ್ತ್ರಿ ಅಕ್ಕ ರೋಲರ್ ತಿರುಗಿಸಿದ್ದು

ಇಳಿಜಾರು ರಸ್ತೆಯ ಅರ್ಧದಲ್ಲಿ, ಪೊಲೀಸ್ ಚೌಕಿಯ ಎದುರಿಗೆ ತಳ್ಳುಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಸೈಕಲ್ ಕೂಡ ತುಳಿದು ಗೊತ್ತಿಲ್ಲದ ಆಕೆ ಒಂದು ಬೆಳಿಗ್ಗೆ ರೋಡ್ ರೋಲರ್ ನುಗ್ಗಿಸಿ ಆ ಚೌಕಿಯ ಗೋಡೆ ಕೆಡವಿದಳು.

ರಸ್ತೆ ಕೆಲಸಕ್ಕೆ ಬಂದಿದ್ದ ರೋಲರನ್ನು ಇಳಿಜಾರಿನ ಮೇಲ್ತುದಿಯಲ್ಲಿ ನಿಲ್ಲಿಸಿ ಡ್ರೈವರ್ ಟೀ ಕುಡಿಯಲು ಹೋಗಿದ್ದ. ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಜಾರಿ ರೋಲರ್ ತನ್ನಷ್ಟಕ್ಕೆ ತಾನೇ ಇಳಿಯತೊಡಗಿತು. ಕೆಳಗೆ ಕಣ್ಣಾಸ್ಪತ್ರೆ. ಅದರ ಮುಂದೆ, ರಸ್ತೆಯಲ್ಲೇ, ಕಣ್ಣಿಗೆ ಔಷಧಿ ಬಿಟ್ಟ ಮುದುಕ ಮುದುಕಿಯರನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿದ್ದರು.

"ಅಯ್ಯೋ, ಏಳ್ರಪ್ಪಾ! ರೋಲರ್ ಬರ್ತಿದೆ!" ಅಕ್ಕ ಗಂಟಲು ಹರಿಯುವಂತೆ ಕೂಗಿದಳು.

"ಕರೆಯೋವರೆಗೂ ಅಲ್ಲಾಡ್ಬೇಡಿ ಅಂದಿದಾರಮ್ಮ ನರ್ಸು," ಎಂದು ಒಬ್ಬ ಅಜ್ಜ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟ. ಒಬ್ಬರೂ ಮಿಸುಕಲಿಲ್ಲ.

ಅಕ್ಕ ಹಿಂದೆಮುಂದೆ ನೋಡದೆ ರೋಲರ್ ಹತ್ತಿ, ಸ್ಟೇರಿಂಗಿಗೆ ಜೋತುಬಿದ್ದು ಎಡಕ್ಕೆ ಎಳೆದಳು. ಪುಣ್ಯಕ್ಕೆ ಚೌಕಿಯ ಪೇದೆಗಳೆಲ್ಲ ತಮಾಷೆ ನೋಡಲು ಹೊರಗೆ ಬಂದು ನಿಂತಿದ್ದರು. ರೋಲರ್ ಚೌಕಿಗೆ ಗುದ್ದಿ ನಿಂತಿತು; ಬಿದ್ದದ್ದು ಗೋಡೆ ಮಾತ್ರ. ಸರ್ಕಾರಿ ಕಟ್ಟಡ ಹಾಳುಮಾಡಿದಳೆಂದು ಅವಳ ಮೇಲೆ ಕೇಸು ಬಿತ್ತು.

ವಿಚಾರಣೆಯ ದಿನ ಸಾಕ್ಷಿ ಹೇಳಬೇಕಿದ್ದ ಹೆಡ್ ಕಾನ್‌ಸ್ಟೇಬಲ್ ಬೆಳಿಗ್ಗೆಯೇ ಸಮವಸ್ತ್ರ ಹಿಡಿದು ಅವಳ ಗಾಡಿಗೆ ಬಂದರು. "ನಿಮ್ಮ ವಿರುದ್ಧ ಹೇಳೋಕೇ ಹೋಗ್ತಿರೋದು. ಬೇಜಾರು ಮಾಡ್ಕೋಬೇಡಿ ಅಕ್ಕ."

"ಇರ್ಲಿ ಬಿಡಣ್ಣ. ಕೋರ್ಟಲ್ಲಿ ಕಾಲರ್ ನೆಟ್ಟಗಿರ್ಬೇಕು," ಎಂದು ಅಕ್ಕ ಇನ್ನೊಮ್ಮೆ ಉಜ್ಜಿದಳು.

ಬೇರೆ ದಾರಿಯೇ ಇಲ್ಲದಾಗ, ದೊಡ್ಡ ಅನಾಹುತ ತಪ್ಪಿಸಲು ಸಣ್ಣ ನಷ್ಟ ಮಾಡಿದರೆ ಅಪರಾಧವಲ್ಲ ಎಂದು ಅವಳ ವಕೀಲರು ವಾದಿಸಿದರು. ಸರ್ಕಾರಿ ವಕೀಲರು ಅಕ್ಕನತ್ತ ತಿರುಗಿದರು.

"ರೋಲರ್ ಬರ್ತಿದ್ದದ್ದು ಆಮೆ ಥರ. ಅಷ್ಟು ಹೊತ್ತಲ್ಲಿ ಪೊಲೀಸರ ಹತ್ರ ಹೋಗ್ಬಹುದಿತ್ತಲ್ಲ?"

"ನೇರ ಅಲ್ಲಿಗೇ ಹೋದ್ನಲ್ಲ ಸ್ವಾಮಿ."

ನ್ಯಾಯಾಧೀಶರಿಗೆ ಕೆಮ್ಮು ಬಂತು.

"ಬಲಕ್ಕೆ ಯಾಕೆ ತಿರುಗಿಸ್ಲಿಲ್ಲ? ಅಲ್ಲಿ ನಿಮ್ಮ ಗಾಡಿ ಇತ್ತು ಅಂತ ತಾನೆ?"

"ನನ್ನ ಗಾಡಿ ಅದನ್ನ ತಡೆಯುತ್ತಾ? ಅಪ್ಪಚ್ಚಿ ಮಾಡ್ಕೊಂಡು ಮುಂದೆ ಹೋಗ್ತಿತ್ತು. ಗಟ್ಟಿ ಗೋಡೆ ಇದ್ದದ್ದು ಸರ್ಕಾರದ್ದೇ."

ಗೋಡೆ ನಿಜಕ್ಕೂ ಗಟ್ಟಿಯಿತ್ತೇ ಎಂದು ನ್ಯಾಯಾಧೀಶರು ಹೆಡ್ ಕಾನ್‌ಸ್ಟೇಬಲ್‌ರನ್ನು ಕೇಳಿದರು. "ರೋಲರ್ ನಿಂತ್ಕೊಳ್ತಲ್ಲ ಸರ್," ಎಂದರು ಅವರು ಹೆಮ್ಮೆಯಿಂದ. ಅಲ್ಲಿಗೆ ಅಕ್ಕನ ಬಿಡುಗಡೆಯಾಯಿತು.

"ಇನ್ಮೇಲೆ ಅಂಥದ್ದನ್ನ ಹತ್ಬೇಡ ಕಣೇ," ಎಂದ ಗಂಡ. ಅಕ್ಕ ತಲೆಯಾಡಿಸಿದಳು. ಆದರೆ ಅಷ್ಟು ದೊಡ್ಡದು ತನ್ನ ಕೈಯ ಮಾತು ಕೇಳಿತ್ತೆಂಬುದು ಅವಳ ಮನಸ್ಸಿನಿಂದ ಹೋಗಲಿಲ್ಲ. ಡ್ರೈವರನ ಬೆನ್ನುಬಿದ್ದು ಕಲಿತಳು, ಲೈಸೆನ್ಸ್ ತೆಗೆದುಕೊಂಡಳು. ಈಗ ಊರಿನ ರಸ್ತೆಗಳನ್ನೆಲ್ಲ ಅವಳೇ ಸಪಾಟು ಮಾಡುತ್ತಾಳೆ. ಇಸ್ತ್ರಿ ಗಾಡಿಯಲ್ಲಿ ಗಂಡ ನಿಲ್ಲುತ್ತಾನೆ. ಪೇದೆಗಳ ಪ್ಯಾಂಟಿಗೆ ಎರಡೆರಡು ಗೆರೆ ಬೀಳುತ್ತಿವೆ.