ಒಂದು ಸೈಜು ದೊಡ್ಡ ಬೂಟು

ನಾನು ಬಾಸ್ಕೆಟ್‌ಬಾಲ್ ಆಡಿದವಳಲ್ಲ. ಚೆಂಡನ್ನು ಬುಟ್ಟಿಗೆ ಹಾಕುವ ಒಂದು ಆಟ ಇದೆ ಅನ್ನುವುದೇ ನನಗೆ ನಲವತ್ತು ದಾಟುವವರೆಗೆ ಗೊತ್ತಿರಲಿಲ್ಲ. ದೋಣಿಗಲ್ಲಿನ ಹತ್ತಿರ, ಎಸ್ಟೇಟುಗಳ ನಡುವೆ ಇದ್ದ ಹೈಸ್ಕೂಲಿನಲ್ಲಿ ನಾನು ಆಯಾ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಹೊಟ್ಟೆನೋವು ಬಂದ ಹುಡುಗಿಯನ್ನು ಮನೆಗೆ ಬಿಟ್ಟು ಬರುವುದು ನನ್ನ ಕೆಲಸ. ಇಂಥವಳು ಆರು ವರ್ಷ ಹುಡುಗಿಯರಿಗೆ ಆಟ ಕಲಿಸಿದಳು ಎಂದರೆ ಜನ ನಗುತ್ತಾರೆ. ನಗಲಿ. ಕಲಿಸಿದ್ದು ನಿಜ, ಒಬ್ಬಳ ಆಟ ಕೆಡಿಸಿದ್ದೂ ನಿಜ. ಕೆಡಿಸಿದ್ದನ್ನೇ ಬರೆಯುತ್ತೇನೆ.

ಆಟ ತಂದವರು ಡ್ರಿಲ್ ಮೇಷ್ಟ್ರು. ಆಲೂರು ಕಡೆಯವರು, ಆಗಿನ್ನೂ ಮದುವೆಯಾಗಿರಲಿಲ್ಲ. ನಮ್ಮ ಶಾಲೆಯ ಮೈದಾನ ಅಂದರೆ ಕೆಂಪು ಮಣ್ಣು. ವರ್ಷದಲ್ಲಿ ಐದು ತಿಂಗಳು ಕೆಸರು, ಆಮೇಲೆ ಪಾಚಿ. ಚೆಂಡು ಎಸೆದರೆ ಪುಟಿಯುವುದಿಲ್ಲ, ಅಲ್ಲೇ ಕೂರುತ್ತದೆ. ಮೇಷ್ಟ್ರು ಸುತ್ತ ತಿರುಗಿ ನೋಡಿ, ಶಾಲೆಯ ಹಿಂದಿನ ಎಸ್ಟೇಟಿನ ಕಾಫಿ ಕಣದ ಮೇಲೆ ಕಣ್ಣು ಹಾಕಿದರು. ಕಾಫಿ ಹರಡಿ ಒಣಗಿಸುವ ಸಿಮೆಂಟಿನ ಅಂಗಳ ಅದು. ಅಷ್ಟು ಮಟ್ಟಸವಾದ ಜಾಗ ಆ ಗುಡ್ಡದಲ್ಲಿ ಇನ್ನೊಂದಿರಲಿಲ್ಲ. ಕೇಳಲು ರೈಟರ್ ಹತ್ತಿರ ಹೋದರು. ರೈಟರ್ ಅಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಪುಸ್ತಕ, ಚೆಕ್‌ರೋಲು, ಬರೆಯುವವನು. ಮಾಲೀಕರು ಇಲ್ಲದ ದಿನ ಅವನೇ ಮಾಲೀಕ. ಜೊತೆಗೆ ನಾನೂ ಹೋಗಿದ್ದೆ.

"ಕಣದಾಗೆ ಹೆಣ್ಣೈಕ್ಳು ಕುಣಿಯಾಕೆ ಬುಡ್ಬೇಕಾ? ಕಾಫಿ ಒಣಗ್ಸೋ ಜಾಗ ಕಣ್ರೀ ಅದು, ನಾಟಕದ ಸ್ಟೇಜಲ್ಲ" ಅಂದ ರೈಟರ್.

"ಮಳೆ ನಿಂತ ಮೇಲೆ, ಕುಯ್ಲು ಶುರುವಾಗೋವರೆಗೆ ಖಾಲಿ ಬಿದ್ದಿರುತ್ತಲ್ಲ ಸ್ವಾಮಿ" ಅಂದರು ಮೇಷ್ಟ್ರು.

"ಬಿದ್ದಿರ್ತೈತೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಮಾತು. ಯಾವಳಾದ್ರೂ ಚಪ್ಲಿ ಮೆಟ್ಕಂಡು ಕಣಕ್ಕೆ ಇಳಿದ್ಲೋ, ಆವತ್ತೇ ನಿಮ್ಮ ಕಂಬ ಕಿತ್ತು ಒಲೆಗೆ ಇಕ್ಬುಡ್ತೀನಿ."

ಅದು ಅವನ ಜೋರಲ್ಲ, ನಮ್ಮ ಕಡೆಯ ರೂಢಿ. ಕಣಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಇಳಿಯುವುದಿಲ್ಲ. ಮಾಲೀಕರೂ ಅಂಚಿನಲ್ಲೇ ಬಿಟ್ಟು ಬರುತ್ತಾರೆ. ಸಗಣಿ, ಮಣ್ಣು ಬೀಜಕ್ಕೆ ತಾಗಿದರೆ ಕಾಫಿ ಕೆಡುತ್ತದೆ ಅನ್ನುತ್ತಾರೆ. ಖಾಲಿ ಇದ್ದಾಗಲೂ ಅಷ್ಟೇ. ಬಾಳ್ಳುಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳು ಬಗ್ಗಿಸಿ ರಿಂಗು ಮಾಡಿಸಿದರು, ಸಿಲ್ವರ್ ಮರದ ಕಂಬಕ್ಕೆ ಹಲಗೆ ಹೊಡೆದು ಕಣದ ಒಂದು ತುದಿಗೆ ನಿಲ್ಲಿಸಿದರು. ನಮ್ಮ ಹುಡುಗಿಯರು ಬರಿಗಾಲಲ್ಲೇ ಆಟ ಕಲಿತರು.

ಮೇಷ್ಟ್ರು ಮೂರು ವರ್ಷ ಕಲಿಸಿದರು. ಅಂಗೈ ಚೆಂಡಿಗೆ ತಾಗಬಾರದು, ಬೆರಳಲ್ಲೇ ಆಡಿಸಬೇಕು ಅನ್ನುತ್ತಿದ್ದರು. ಅದನ್ನು ಹೇಳಿಕೊಡುವುದೇ ಬೇಕಿರಲಿಲ್ಲ. ಐದು ವರ್ಷಕ್ಕೇ ಗಿಡದ ಬುಡದಲ್ಲಿ ಕೂತು ಹಣ್ಣು ಹೆಕ್ಕಿದ ಬೆರಳು. ಹೆಣ್ಣು ಹುಡುಗಿಯರ ಜೊತೆ ಒಬ್ಬ ಹೆಂಗಸು ಇರಬೇಕು ಅಂತ ನನ್ನನ್ನು ಕಣದ ಅಂಚಿನಲ್ಲಿ ಕೂರಿಸಿದ್ದರು. ಕೂತು ನೋಡಿದೆ. ನೋಡಿ ನೋಡಿ ಗೊತ್ತಾಯಿತು. ಆಮೇಲೆ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ.

ಹೆಡ್ ಮೇಡಂ ಪೀಪಿ ನನ್ನ ಕೈಗೆ ಕೊಟ್ಟರು. "ನೀವು ಸುಮ್ನೆ ನಿಂತಿರಿ ಆಯಮ್ಮ, ಅವ್ರೇ ಆಡ್ಕೊಳ್ತಾರೆ" ಅಂದರು.

ಸುಮ್ಮನೆ ನಿಲ್ಲುವುದು ನನಗೆ ಬರುವುದಿಲ್ಲ. ಉದ್ದ ಪೊರಕೆ ಎತ್ತಿ ಹಿಡಿದು ರಿಂಗಿನ ಮುಂದೆ ನಿಲ್ಲುತ್ತಿದ್ದೆ, ಅದರ ಮೇಲಿಂದ ಚೆಂಡು ಹಾಕಬೇಕು. ಬಲಗೈಯನ್ನೇ ನೆಚ್ಚಿಕೊಂಡವಳ ಬಲಗೈಯನ್ನು ಬೆನ್ನಿಗೆ ಟವೆಲಿನಲ್ಲಿ ಕಟ್ಟಿ, ಎಡಗೈಯಲ್ಲಿ ಆಡು ಅನ್ನುತ್ತಿದ್ದೆ. ಬೈಯುತ್ತಿದ್ದೆ. ಹೊಗಳುವುದು ಗೊತ್ತಿರಲಿಲ್ಲ. ಪ್ರತಿ ವರ್ಷ ಹತ್ತು ಹುಡುಗಿಯರು ಬರುತ್ತಿದ್ದರು, ಮೈನೆರೆದ ಮೇಲೆ ಆರು ಜನ ನಿಲ್ಲುತ್ತಿದ್ದರು. ಎಗರಿ ಆಡೋದು ಸಾಕು ಅಂತ ಮನೆಯವರು ಎಳೆದುಕೊಂಡು ಹೋಗುತ್ತಿದ್ದರು. ಒಬ್ಬಿಬ್ಬರು ಮನೆಯವರನ್ನು ಬೇಡಿಕೊಂಡೆ. ಆಮೇಲೆ ಬಿಟ್ಟೆ.

ಆ ಉಳಿದವರಲ್ಲಿ ಒಬ್ಬಳು ಉದ್ದದ ಹುಡುಗಿ. ಎಂಟನೇ ಕ್ಲಾಸಿಗೇ ಅವಳು ತಲೆ ಬಗ್ಗಿಸದೆ ಆಳುಗಳ ಲೈನ್ ಮನೆಯ ಬಾಗಿಲು ದಾಟುವ ಹಾಗಿರಲಿಲ್ಲ. ಅಪ್ಪ ಇರಲಿಲ್ಲ. ತಾಯಿ ಅದೇ ಎಸ್ಟೇಟಿನ ಆಳು. ಈ ಹುಡುಗಿ ಓಡುವಾಗ ಕಾಲಿನ ಸದ್ದೇ ಆಗುತ್ತಿರಲಿಲ್ಲ. ಎರಡು ಹೆಜ್ಜೆ ಹಾಕಿ ಮೇಲಕ್ಕೆ ಎದ್ದಳೆಂದರೆ ನನ್ನ ಪೊರಕೆ ಕೆಳಗೇ ಉಳಿಯುತ್ತಿತ್ತು. ಮೂರು ಊರು ತಿರುಗಿದ್ದ ಮೇಷ್ಟ್ರೂ ಒಮ್ಮೆ ನೋಡಲು ಬಂದವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅವರೇ ಆಮೇಲೆ ಕಾಗದ ಬರೆದರು. ಜನವರಿಯಲ್ಲಿ ಹಾಸನದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇದೆ, ಆಯ್ಕೆಯಾದರೆ ಊಟ, ಓದು, ಆಟ ಎಲ್ಲ ಅಲ್ಲೇ, ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಇದೊಂದೇ ಸಲ ಅಂತ.

ಕಾಗದ ಹಿಡಿದು ಅವಳ ತಾಯಿಯ ಹತ್ತಿರ ಹೋದೆ. ಅವಳು ಲೈನ್ ಮನೆಯ ಮುಂದೆ ಸೌದೆ ಸೀಳುತ್ತಿದ್ದಳು.

"ಅಕ್ಕಯ್ಯ, ಹುಡ್ಗಿ ಕುಯ್ಲಿಗೆ ಬಂದ್ರೆ ನನ್ನ ಸಮ ಕುಯ್ತಾಳೆ. ಚೆಂಡು ಕುಟ್ಟಿದ್ರೆ ಏನು ಬತ್ತದೆ?" ಅಂದಳು, ಕತ್ತಿ ನಿಲ್ಲಿಸದೆ.

"ಹಾಸನದಾಗೆ ಇಟ್ಕಂಡು ಊಟ ಹಾಕಿ ಓದುಸ್ತಾರೆ ಕಣೇ. ನಿಂಗೂ ಒಂದು ಹೊಟ್ಟೆ ಕಮ್ಮಿ."

"ಆಗ್ದಿದ್ರೆ?"

"ಆಗ್ದಿದ್ರೆ ನಾನು ಬಾಯೇ ಬಿಡಲ್ಲ."

"ಹಂಗಾದ್ರೆ ಕೇಳ್ಕೋ. ಜನವರಿ ಗಂಟ ಅವ್ಳು ನಿಂದು. ಆಮ್ಯಾಕೆ ನಂದು. ಹತ್ತನೇ ಕ್ಲಾಸೂ ಬ್ಯಾಡ ಗಿತ್ತನೇ ಕ್ಲಾಸೂ ಬ್ಯಾಡ. ಚೆಕ್‌ರೋಲಿಗೆ ಹೆಸ್ರು ಬರುಸ್ತೀನಿ."

ಹುಡುಗಿ ಬಾಗಿಲ ಒಳಗೆ ಬಗ್ಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಡಿಸೆಂಬರಿಗೆ ಕಣ ತುಂಬಿತು. ಸಂಜೆ ಕಾಫಿಯನ್ನು ಒಟ್ಟಿ, ಇಬ್ಬನಿ ತಾಗದ ಹಾಗೆ ಟಾರ್ಪಾಲು ಹೊದಿಸುತ್ತಾರೆ. ಬೆಳಿಗ್ಗೆ ಬಿಸಿಲು ಕಾದ ಮೇಲೆ ಮತ್ತೆ ಹರಡುತ್ತಾರೆ. ಬೆಳಕು ಹರಿದ ಮೇಲೆ ಹರಡುವವರೆಗೆ ಗುಡ್ಡೆಗಳ ನಡುವೆ ಓಣಿಯ ಹಾಗೆ ಜಾಗ ಇರುತ್ತದೆ. ಅಷ್ಟು ಹೊತ್ತು ಒಬ್ಬಳನ್ನು ಬಿಡು ಅಂತ ರೈಟರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ.

"ಒಂದು ಬೀಜ ಉರುಳಿದ್ರೂ ಹೆಕ್ಬೇಕು, ಗೊತ್ತಾಯ್ತಾ ಉದ್ದಕ್ಕಿ?" ಅಂದ.

"ಹೆಕ್ತೀನಿ ರೈಟ್ರೇ. ನಿಮ್ಮಪ್ಪನ ಮನೆ ಬೀಜ ನಂಗ್ಯಾಕೆ?" ಅಂದಳು. ಅವನಿಗೂ ನಗು ಬಂತು.

ಆ ಹುಡುಗಿ ಕಾಫಿ ಗುಡ್ಡೆಗಳ ನಡುವೆ ಚೆಂಡು ಪುಟಿಸುತ್ತಾ ಹಾವಿನ ಹಾಗೆ ಹೋಗಿ ಬರುತ್ತಿದ್ದಳು. ಮೊದಲ ವಾರ ಹೆಕ್ಕಿ ಹೆಕ್ಕಿ ಸುಸ್ತಾದಳು. ಜನವರಿಗೆ ಟಾರ್ಪಾಲಿನ ಅಂಚೂ ಅಲುಗುತ್ತಿರಲಿಲ್ಲ. ಸಿಮೆಂಟು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅವಳ ಅಂಗಾಲು ಸೀಳಿತ್ತು. ನಾನು ರಾತ್ರಿಗೆ ಹಚ್ಚಿಕೋ ಅಂತ ಹರಳೆಣ್ಣೆ ಕೊಟ್ಟು, ಮತ್ತೆ ಓಡಿಸುತ್ತಿದ್ದೆ.

ಇನ್ನು ಬೂಟಿನ ವಿಷಯ. ಹಿಂದಿನ ವರ್ಷ ಸಕಲೇಶಪುರದ ತಾಲೂಕು ಆಟಕ್ಕೆ ಹೋಗಿದ್ದಾಗ ಪೇಟೆಯ ಶಾಲೆಯ ಹುಡುಗಿಯೊಬ್ಬಳು ನಮ್ಮವರ ಕಾಲು ನೋಡಿ, "ಇವ್ರೇನು ನಾಟಿ ಹಾಕೋಕೆ ಬಂದವ್ರಾ?" ಅಂದಿದ್ದಳು. ಎಲ್ಲರೂ ನಕ್ಕರು. ಆವತ್ತಿನ ಆಟ ಗೆದ್ದವರು ನಾವೇ. ಆದರೂ ಆ ಮಾತು ನನಗೆ ಕಚ್ಚಿಕೊಂಡಿತು. ಹುಡುಗಿಯರು ಮರೆತರು, ನಾನು ಮರೆಯಲಿಲ್ಲ. ಈ ಹುಡುಗಿ ಹಾಸನಕ್ಕೆ ಬರಿಗಾಲಲ್ಲಿ ಹೋಗಬಾರದು ಅಂತ ತೀರ್ಮಾನ ಮಾಡಿದೆ. ಬೂಟು ಬೇಕೇ ಬೇಕಾ ಅಂತ ಮೇಷ್ಟ್ರಿಗೆ ಒಂದು ಕಾಗದ ಬರೆಸಿ ಕೇಳಬಹುದಿತ್ತು. ಕೇಳಲಿಲ್ಲ.

ಹುರಿದಾರದಲ್ಲಿ ಅವಳ ಪಾದ ಅಳೆದುಕೊಂಡು ಪೇಟೆಗೆ ಹೋದೆ. ಅಂಗಡಿಯವನು ದಾರ ಇಟ್ಟು ನೋಡಿ ಬಿಳಿ ಕ್ಯಾನ್ವಾಸ್ ಬೂಟು ತೆಗೆದ. "ಇದು ಸರಿಯಾಗತ್ತೆ" ಅಂದ.

"ಒಂದು ಸೈಜು ದೊಡ್ಡದು ಕೊಡಪ್ಪ. ಬೆಳೆಯೋ ಕಾಲು" ಅಂದೆ.

"ಆಟಕ್ಕೆ ಅಂತೀರಿ, ಬಿಗಿಯಾಗಿರ್ಬೇಕಲ್ವಾ?"

"ಮುಂದಿನ್ ವರ್ಷ ನೀನು ಕೊಡಿಸ್ತೀಯಾ?"

ನಾವು ಎಲ್ಲವನ್ನೂ ಹಾಗೇ ತರುವುದು. ಲಂಗದ ಅಂಚು ಮಡಿಸಿ ಹೊಲಿಸುತ್ತೇವೆ, ಚಪ್ಪಲಿ ಒಂದು ಬೆರಳು ಉದ್ದ ತರುತ್ತೇವೆ. ಈ ವರ್ಷಕ್ಕೆ ಅಳತೆ ಮಾಡಿ ಏನನ್ನಾದರೂ ತಂದದ್ದು ನನ್ನ ಜನ್ಮದಲ್ಲಿ ನೆನಪಿಲ್ಲ.

ಹುಡುಗಿ ಬೂಟನ್ನು ಮೂಸಿ ನೋಡಿದಳು. "ಆಯಮ್ಮ, ಒಂದ್ಸಲ ಹಾಕ್ಕಂಡು ಓಡ್ಲಾ?"

"ಎಲ್ಲಿ ಓಡ್ತೀಯ? ಕಣಕ್ಕೆ ಇಳಿದ್ರೆ ರೈಟರ್ ಬಡೀತಾನೆ, ರೋಡಿಗೆ ಹೋದ್ರೆ ಧೂಳು. ಹೊಸ್ದು ಹೊಸ್ದಂಗೇ ಇರ್ಲಿ. ಹಾಸನದಾಗೆ ಹಾಕ್ಕಳ್ಳುವಂತೆ."

ಡಬ್ಬದ ಸಮೇತ ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಹಾಸನದ ಮೈದಾನದಲ್ಲಿ ಬಿಳಿ ಗೆರೆ ಎಳೆದಿದ್ದರು, ಎರಡೂ ಕಡೆ ರಿಂಗಿಗೆ ಬಲೆ ಇತ್ತು. ಜಿಲ್ಲೆಯ ಹುಡುಗಿಯರೆಲ್ಲ ಬಂದಿದ್ದರು. ಇವಳು ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಂಡಳು. ಎದ್ದು ನಾಲ್ಕು ಹೆಜ್ಜೆ ಹಾಕಿ ನನ್ನ ಮುಖ ನೋಡಿದಳು.

"ಕಾಲು ಒಳಗೇ ಜಾರ್ತೈತೆ ಆಯಮ್ಮ."

ಬುತ್ತಿ ಕಟ್ಟಿದ್ದ ಬಟ್ಟೆ ಹರಿದು ಮುಂದಕ್ಕೆ ತುರುಕಿದೆ. "ಬಿಗಿಯಾಗಿ ಕಟ್ಕೋ. ಎಲ್ಲರ ಎದುರು ಮಾನ ಕಳೀಬ್ಯಾಡ" ಅಂದೆ.

ಅವಳು ಆಡಿದ್ದು ಹತ್ತು ನಿಮಿಷವೂ ಇಲ್ಲ. ಓಡುವಾಗ ಟಪ್ ಟಪ್ ಅಂತ ಸದ್ದು. ಸದ್ದೇ ಇಲ್ಲದ ಹುಡುಗಿ ಅದು. ನೆಲ ಎಲ್ಲಿದೆ ಅಂತ ಅವಳ ಕಾಲಿಗೆ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಮುಗ್ಗರಿಸಿದಳು, ಚೆಂಡು ಹೋಯಿತು. ಮೂರನೇ ಸಲ ಗುಡ್ಡೆಗಳ ನಡುವೆ ನುಗ್ಗಿದ ಹಾಗೆ ಮೂರು ಜನರ ನಡುವೆ ನುಗ್ಗಿ, ಎರಡು ಹೆಜ್ಜೆ ಹಾಕಿ ಎದ್ದಳು. ಚೆಂಡು ಒಳಗೆ ಹೋಯಿತು. ಇಳಿಯುವಾಗ ಬೂಟು ಒಂದು ಕಡೆ ನಿಂತಿತು, ಒಳಗೆ ಪಾದ ಇನ್ನೊಂದು ಕಡೆ ತಿರುಗಿತು. ಬಿದ್ದಳು.

"ಬಿಚ್ಚಿ ಆಯಮ್ಮ, ಬರಿಗಾಲಲ್ಲಿ ಆಡ್ತೀನಿ, ಬಿಚ್ಚಿ" ಅಂತ ನನ್ನ ಕೈ ಹಿಡಿದು ಎಳೆದಳು. ಬಿಚ್ಚುವಷ್ಟರಲ್ಲಿ ಕಾಲಿನ ಹರಡು ಗೆಡ್ಡೆಯ ಹಾಗೆ ಊದಿತ್ತು. ನಿಲ್ಲಿಸಿದರೆ ನಿಲ್ಲಲಿಲ್ಲ. ಕೊರಳಿಗೆ ಪೀಪಿ ಹಾಕಿಕೊಂಡಿದ್ದ, ಆಯ್ಕೆ ಮಾಡುವ ಸಾರ್ ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದಿನವಳನ್ನು ಕರೆದರು.

ಆ ಮುಂದಿನವಳು ಬೇರೆ ತಾಲೂಕಿನ ಹುಡುಗಿ. ಗೆರೆಯ ಹತ್ತಿರ ಹವಾಯಿ ಚಪ್ಪಲಿ ಬಿಟ್ಟಳು, ಬರಿಗಾಲಲ್ಲಿ ಒಳಗೆ ಹೋದಳು. ಯಾರೂ ಏನೂ ಅನ್ನಲಿಲ್ಲ. ನಾನು ಎದ್ದು ಹೋಗಿ ಕೇಳಿದೆ.

"ಬೂಟಿಲ್ದೆ ಬಿಡ್ತೀರಾ ಸಾರ್?"

"ನಾವು ಆಟ ನೋಡೋದಮ್ಮ, ಕಾಲಲ್ಲ. ಆಯ್ಕೆಯಾದ್ರೆ ಬೂಟು ಹಾಸ್ಟೆಲಲ್ಲೇ ಕೊಡ್ತಾರೆ" ಅಂದರು.

ಆ ಬರಿಗಾಲಿನ ಹುಡುಗಿ ಆಯ್ಕೆಯಾದಳು. ನಮ್ಮವಳಷ್ಟು ಚೆನ್ನಾಗೇನೂ ಆಡಲಿಲ್ಲ.

ಬಸ್ಸಿನಲ್ಲಿ ಅವಳ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಬಾಳ್ಳುಪೇಟೆಯಲ್ಲಿ ಬಸ್ಸು ನಿಂತಾಗ ನನ್ನ ಕಡೆ ತಿರುಗಿದಳು.

"ಅವ್ವಂಗೆ ನಾನೇ ಜಾರಿ ಬಿದ್ದೆ ಅಂತ ಹೇಳಿ ಆಯಮ್ಮ. ಬೂಟಿನ್ ಸುದ್ದಿ ಬ್ಯಾಡ. ಸುಮ್ನೆ ನಿಮ್ಮನ್ನ ಬೈತಾಳೆ."

ನಾನು ಹಾಗೇ ಹೇಳಿದೆ. ತಾಯಿ ನನ್ನನ್ನು ಬೈಯಲಿಲ್ಲ. "ಹೋಗ್ಲಿ ಬುಡಕ್ಕಯ್ಯ, ನೀನಾದ್ರೂ ಏನ್ ಮಾಡ್ತೀಯ" ಅಂದು ಕಾಫಿ ಕಾಸಿ ಕೊಟ್ಟಳು. ಕುಡಿದೆ. ಅವಳಿಗೆ ಇಂದಿಗೂ ಗೊತ್ತಿಲ್ಲ.

ಮೂರು ವಾರಕ್ಕೆ ಕಾಲಿನ ಊತ ಇಳಿಯಿತು. ನಾಲ್ಕನೇ ವಾರ ರೈಟರ್ ಅವಳ ಹೆಸರನ್ನು ಚೆಕ್‌ರೋಲಿಗೆ ಬರೆದ. ಶಾಲೆಯ ಹಾಜರಿಯಲ್ಲಿ ಮೇಡಂ ಕೆಂಪು ಗೆರೆ ಎಳೆದರು. ನಾನು ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತೋ, ಆಗ ಅದನ್ನೂ ಯೋಚಿಸಲಿಲ್ಲ.

ಮರುವರ್ಷ ಮಳೆ ಶುರುವಾದಾಗ ಅವಳೇ ಶಾಲೆಯ ಬಾಗಿಲಿಗೆ ಬಂದಳು. ತಲೆಯ ಮೇಲೆ ಕಂಬಳಿ ಕೊಪ್ಪೆ, ಕಾಲಿನ ಬೆರಳ ಸಂದಿಯಲ್ಲಿ ರಕ್ತ.

"ಆಯಮ್ಮ, ಆ ಬೂಟು ಐತಾ?"

"ಐತೆ."

"ಕೊಡ್ತೀರಾ? ತೋಟದಾಗೆ ಜಿಗಣೆ ಕಾಟ ತಡೆಯಾಕಾಗಲ್ಲ."

ಟ್ರಂಕಿನಿಂದ ತೆಗೆದು ಕೊಟ್ಟೆ. ಅಲ್ಲೇ ಕಟ್ಟೆಯ ಮೇಲೆ ಕೂತು ಹಾಕಿಕೊಂಡಳು. ಎದ್ದು ನಿಂತು ಎರಡು ಸಲ ನೆಲಕ್ಕೆ ಕುಟ್ಟಿದಳು. "ಸರಿಯಾಗವೆ" ಅಂದಳು. ಬಟ್ಟೆ ತುರುಕುವುದು ಬೇಕಿರಲಿಲ್ಲ. ಮುಂದಿನ ವರ್ಷಕ್ಕೆ ಅಂತ ತಂದಿದ್ದೆ, ಮುಂದಿನ ವರ್ಷಕ್ಕೇ ಆದವು.

ಆಮೇಲೂ ಎರಡು ವರ್ಷ ಕಲಿಸಿದೆ. ಯಾರಿಗೂ ಏನೂ ತಂದುಕೊಡಲಿಲ್ಲ. ಯಾರನ್ನೂ ಹಾಸನಕ್ಕೆ ಕರೆದುಕೊಂಡು ಹೋಗಲಿಲ್ಲ. ಅವಳು ಬೂಟು ಒಯ್ದ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಣದ ಕಡೆ ಹೋದಾಗ ಅಂಚಿನಲ್ಲಿ ಬೂಟು ಕಂಡವು. ಕೆಂಪು ಮಣ್ಣು ಹಿಡಿದು ಬಿಳಿ ಬಣ್ಣದ ಗುರುತಿರಲಿಲ್ಲ. ಅವಳು ಬರಿಗಾಲಲ್ಲಿ ಕಣಕ್ಕೆ ಇಳಿದು ಗುಡ್ಡೆ ಒಡೆದು ಕಾಫಿ ಹರಡುತ್ತಿದ್ದಳು. ರಿಂಗಿಗೆ ಯಾರೋ ಟಾರ್ಪಾಲಿನ ಹಗ್ಗ ನೇತು ಹಾಕಿದ್ದರು.

"ಈ ವರ್ಷ ಹುಡ್ಗೀರು ಹೆಂಗವ್ರೆ ಆಯಮ್ಮ?" ಅಂದಳು, ಕೆಲಸ ನಿಲ್ಲಿಸದೆ.

"ಅವ್ರೆ."

"ಎಡಗೈ ಚೆನ್ನಾಗಿ ಕಲ್ಸಿ" ಅಂದು ಆ ಕಡೆ ತಿರುಗಿದಳು.

ಹೊತ್ತಾಗಿತ್ತು. ಬೂಟನ್ನು ದಾಟಿ ಬಂದು ಗಂಟೆ ಹೊಡೆದೆ.